ಆರನೆಯ ತೊಟ್ಟಿಯ ಎಳೆಗಳು

ಸಂಖ್ಯೆ ನಿಜಕ್ಕೂ ಏರಿತ್ತೋ, ಇಲ್ಲಾ ಗಾಜಿಗೆ ಅಂಟಿದ ಗಾಳಿಗುಳ್ಳೆಯೊಂದನ್ನು ಯಂತ್ರ ಕೊಳೆಯೆಂದು ಎಣಿಸಿತ್ತೋ? ಏರಿದ್ದು ನಿಜವಾದರೆ ತಾನಾಗಿಯೇ ಇಳಿದದ್ದು ಯಾಕೆ? ತಾನಾಗಿಯೇ ಇಳಿದ ಮೇಲೆ ಅದನ್ನು ಇನ್ನೊಬ್ಬರ ಕಿವಿಗೆ ಹಾಕಬೇಕೇ? ಊರಿನ ನೀರಿನ ಸ್ಥಾವರದಲ್ಲಿ ಕೂತು ನೀಲಕಂಠ ಅರ್ಧ ಗಂಟೆಯಿಂದ ಈ ಪ್ರಶ್ನೆಗಳ ಸುತ್ತಲೇ ಸುತ್ತುತ್ತಿದ್ದ. ಪರದೆಯ ಮೇಲೆ ಆರನೆಯ ತೊಟ್ಟಿಯಿಂದ ಹೊರಬರುವ ನೀರಿನ ಕೊಳೆಯ ಅಂಕಿ ಎರಡರಲ್ಲಿ ನಿಂತಿತ್ತು. ಅವನು ನೋಡಿದಾಗಲೆಲ್ಲ ಅದು ಎರಡರಲ್ಲೇ ನಿಂತಿರುತ್ತಿತ್ತು. ಇವತ್ತು ಬೆಳಿಗ್ಗೆ ಹನ್ನೊಂದಕ್ಕೆ ಮಾತ್ರ, ಒಂದು ಆಕಳಿಕೆ ತೆಗೆಯುವಷ್ಟು ಹೊತ್ತು, ಒಂಬತ್ತಕ್ಕೆ ಹೋಗಿ ಬಂದಿತ್ತು.

ಅವನು ಕೆಳಗಿಳಿದು ಹೋಗಿ ಅಳತೆಯಂತ್ರದ ಗಾಜನ್ನು ಒರೆಸಿ ಬಂದ. ಎರಡು. ಕುರ್ಚಿಯಲ್ಲಿ ಕೂತು ಕಾದ. ಎರಡು. ಅವನು ಕಲಿತ ರಸಾಯನಶಾಸ್ತ್ರದ ಪ್ರಕಾರ ಒಂದು ಸಲ ಕಂಡದ್ದು ಕಂಡ ಹಾಗಲ್ಲ. ಪಾಳಿಯ ಪುಸ್ತಕದಲ್ಲಿ ಅವನು ಏನನ್ನೂ ಬರೆಯಲಿಲ್ಲ.

ಹಾಸಲಗೇರಿಗೆ ಹೊರಗಿನ ನೀರು ನಿಂತು ಹದಿನಾಲ್ಕು ವರ್ಷವಾಗಿತ್ತು. ಹೊಳೆಯಿಂದ ಬರುತ್ತಿದ್ದ ಕೊಳವೆ ಮೊದಲು ವಾರಕ್ಕೊಮ್ಮೆ, ಬರಬರುತ್ತ ತಿಂಗಳಿಗೊಮ್ಮೆ ನೀರು ಕೊಟ್ಟು, ಕಡೆಗೆ ಒಂದು ದಿನ ಬರೀ ಗಾಳಿ ಉಗುಳಿ ಸುಮ್ಮನಾಯಿತು. ಅಂದಿನಿಂದ ಊರು ತನ್ನ ನೀರನ್ನೇ ತಾನು ಕುಡಿಯುತ್ತಿತ್ತು. ಬಚ್ಚಲಿನದು, ಸಂಡಾಸಿನದು, ನೂಲಿಗೆ ಬಣ್ಣ ಹಾಕುವ ಮನೆಗಳದು, ಎಲ್ಲ ಹರಿದು ಊರಾಚೆಯ ಸ್ಥಾವರದ ಎಂಟು ತೊಟ್ಟಿಗಳಿಗೆ ಬಂದು, ಶುದ್ಧವಾಗಿ ಒಂಬತ್ತು ದಿನಕ್ಕೆ ತಿರುಗಿ ಅದೇ ನಲ್ಲಿಗಳಿಗೆ ಹೋಗುತ್ತಿತ್ತು. ಬಿಸಿಲು ಕುಡಿದಷ್ಟನ್ನು ಮಳೆ ತುಂಬಿಕೊಡಬೇಕು. ಮೊದಮೊದಲು ಜನ ಮೂಗು ಮುಚ್ಚಿಕೊಂಡು ಕಾಸಿ ಕುಡಿದರು. ಒಂದು ಮದುವೆಯಲ್ಲಿ ಬೀಗರು ನೀರು ಮುಟ್ಟದೆ ಎದ್ದುಹೋದರಂತೆ. ಈಗ ಆ ಮಾತು ತೆಗೆದರೆ ಜನ ನಗುತ್ತಿದ್ದರು.

ತೊಟ್ಟಿಯ ಒಳಗಿದ್ದದ್ದು ಎಳೆಗಳು. ಶಾವಿಗೆಯಷ್ಟು ಸಣ್ಣ, ಒಳಗೆ ಟೊಳ್ಳು, ಆಳೆತ್ತರದ ಉದ್ದ. ಸಾವಿರಾರು ಎಳೆಗಳನ್ನು ಮೇಲೂ ಕೆಳಗೂ ಅಂಟಿನ ಪಟ್ಟಿಯಲ್ಲಿ ಬಿಗಿದು ಒಂದೊಂದು ಚೌಕಟ್ಟು ಮಾಡಿ, ಚೌಕಟ್ಟುಗಳನ್ನು ಕೊಳಚೆಯಲ್ಲಿ ಪೂರ್ತಿ ಮುಳುಗಿಸಿರುತ್ತಿದ್ದರು. ಮೇಲಿನ ಪಂಪು ಎಳೆಯ ಟೊಳ್ಳಿನಿಂದ ನೀರನ್ನು ಹೀರುತ್ತಿತ್ತು. ಕಣ್ಣಿಗೆ ಕಾಣದ ರಂಧ್ರಗಳಿಂದ ನೀರು ಒಳಗೆ ಬರುತ್ತಿತ್ತು. ಕೊಳೆ, ಕ್ರಿಮಿ ಹೊರಗೇ ಉಳಿಯುತ್ತಿದ್ದವು. ಮೈಗೆ ಮೆತ್ತಿದ ಕೊಳೆ ಉದುರಲೆಂದು ತಳದಿಂದ ಗಾಳಿಯ ಗುಳ್ಳೆ ಬಿಡುತ್ತಿದ್ದರು. ಗುಳ್ಳೆ ಏರುವಾಗ ಎಳೆಗಳೆಲ್ಲ ಕೂದಲಿನ ಹಾಗೆ ಅಲ್ಲಾಡುತ್ತಿದ್ದವು.

ಹಿಂದೆ ಇಂಥ ಎಳೆಗಳನ್ನು ಪ್ಲಾಸ್ಟಿಕ್ಕಿನಿಂದ ಮಾಡುತ್ತಿದ್ದರು. ಹಾಸಲಗೇರಿಯವು ಜೀವದ ಎಳೆಗಳು. ಅಣಬೆಯ ಬೇರಿನಂಥದ್ದೊಂದನ್ನು ದಾರದ ಆಕಾರದಲ್ಲಿ ಬೆಳೆಸಿ ತಂದವು. ಕೊಳಚೆಯಿಂದಲೇ ಆಹಾರ ತೆಗೆದುಕೊಂಡು ಅವು ತಮ್ಮ ಗೋಡೆಯನ್ನು ತಾವೇ ಗಟ್ಟಿ ಇಟ್ಟುಕೊಳ್ಳುತ್ತಿದ್ದವು. ಹತ್ತು ವರ್ಷ ಬಾಳುತ್ತವೆ ಎಂದು ಕಂಪನಿ ಹೇಳಿತ್ತು. ಹೊಸ ಚೌಕಟ್ಟು ಬೇಕೆಂದರೆ ಅದು ಬೆಳೆದು ಬರುವುದಕ್ಕೆ ಎರಡು ವರ್ಷ ಕಾಯಬೇಕಿತ್ತು.

ಹರಿದ ಎಳೆಯನ್ನು ಹುಡುಕುವ ಕೆಲಸಕ್ಕೆ ಮಾತ್ರ ಯಾವ ಯಂತ್ರವೂ ಒಗ್ಗಲಿಲ್ಲ. ಸಾವಿರದಲ್ಲಿ ಒಂದು ಹರಿದರೂ ಕೊಳಚೆ ನೇರ ಒಳಗೆ ನುಗ್ಗುತ್ತದೆ. ಆ ಒಂದನ್ನು ಬೆರಳಿನಿಂದ ಹುಡುಕಬಲ್ಲವರು ಊರಿನಲ್ಲಿ ಮೊದಲಿಂದಲೂ ಇದ್ದರು. ಮಗ್ಗಗಳು ನಿಂತು ಮನೆಯಲ್ಲಿ ಕೂತಿದ್ದ ನೇಕಾರರ ಹೆಂಗಸರಲ್ಲಿ ಆರು ಮಂದಿಯನ್ನು ಸ್ಥಾವರ ಕೆಲಸಕ್ಕೆ ತೆಗೆದುಕೊಂಡಿತು. ಮಗ್ಗಕ್ಕೆ ಉದ್ದುದ್ದ ಎಳೆದು ಕಟ್ಟಿದ ಹಾಸಿನಲ್ಲಿ ಎಲ್ಲಿ ನೂಲು ತುಂಡಾಗಿದೆಯೆಂದು ಕಣ್ಣು ಮುಚ್ಚಿ ಹೇಳಬಲ್ಲ ಕೈಗಳು ಅವು. ನಿಯಮ ಒಂದೇ: ಹರಿದ ಎಳೆಯ ಎರಡೂ ತುದಿ ಕತ್ತರಿಸಿ, ಬಾಯಿಗೆ ಬಿರಡೆ ಬಡಿದು, ಅಂಟು ಹಾಕಿ ಮುಚ್ಚಬೇಕು. ಮುಚ್ಚಿದ ಎಳೆ ಸತ್ತ ಲೆಕ್ಕ. ಸತ್ತ ಎಳೆ ಹೆಚ್ಚಾದಷ್ಟೂ ಊರಿನ ನೀರು ಕಡಿಮೆ.

ಆ ಆರು ಮಂದಿಗೆ ಮುಂದಾಳು ಸಕ್ರವ್ವ, ನೀಲಕಂಠನ ಚಿಗವ್ವ. ತಾಯಿ ಸತ್ತಾಗ ಅವನಿಗೆ ಏಳು ವರ್ಷ. ತಾಯಿಯ ತಂಗಿಯಾದ ಅವಳೇ ಎತ್ತಿ ಬೆಳೆಸಿ, ಸೀರೆ ನೇಯ್ದು ಎಂಎಸ್ಸಿಯವರೆಗೆ ಓದಿಸಿದಳು. ಈಗಲೂ ಅವನು ಅವಳ ಮನೆಯ ಹಿಂದಿನ ಕೋಣೆಯಲ್ಲೇ ಇದ್ದ. ಇಬ್ಬರೂ ಒಂದೇ ಕಡೆ ದುಡಿಯುತ್ತಿದ್ದರು. ಅವಳು ಬಿಸಿಲಲ್ಲಿ ತೊಟ್ಟಿಯ ಕಟ್ಟೆಯ ಮೇಲೆ, ಅವನು ಗಾಜಿನ ಕೋಣೆಯಲ್ಲಿ.

ಅಂದು ಸಂಜೆ ಅವನು ಮನೆಗೆ ಬಂದಾಗ ಸಕ್ರವ್ವನ ಮೊಮ್ಮಗಳು ಇಂಚರಾ ಪಡಸಾಲೆಯಲ್ಲಿ ಕೌದಿಯ ಮೇಲೆ ಮಲಗಿದ್ದಳು. ಐದು ವರ್ಷದ ಹುಡುಗಿ ಒಂದೇ ದಿನಕ್ಕೆ ಮುದುಕಿಯ ಮುಖ ಮಾಡಿಕೊಂಡಿದ್ದಳು.

“ನೀಲ್ಯಾ, ಕೈ ತೊಳಕೊಂಡ ಬಾ, ಈಕಿ ಕಾಲು ಹಿಡಿ,” ಎಂದಳು ಸಕ್ರವ್ವ. ಅವಳ ಕೈಯಲ್ಲಿ ಸಕ್ಕರೆ ಉಪ್ಪು ಕದಡಿದ ನೀರಿನ ಬಟ್ಟಲಿತ್ತು. “ಅವರವ್ವನ ಕೈಯಾಗ ನಿಲ್ಲವಲ್ಲಳು. ಒದೀತಾಳ.”

“ಎಷ್ಟು ಸರ್ತಿ ಆತು?”

“ಎಣಸೂದ ಬಿಟ್ಟೀವಿ. ಮಧ್ಯಾಹ್ನದಿಂದ ರಕ್ತಾನೂ ಬರಾಕತ್ತೇತಿ.”

ಸೊಸೆ ಸುವರ್ಣಾ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದಳು: “ಮ್ಯಾಲಿನ ಓಣ್ಯಾಗ ಮೂರು ಹುಡುಗ್ರಿಗೆ ಹಿಂಗ ಆಗೇತಂತ. ಸಂತ್ಯಾಗ ಏನೋ ತಿಂದಾವಂತ ಅವ್ರವ್ವ ಅಂತಿದ್ಲು.”

“ನಮ್ಮಾಕಿ ಎಲ್ಲಿ ಸಂತಿಗೆ ಹೋಗಿದ್ಲು?” ಎಂದಳು ಸಕ್ರವ್ವ. ಆಮೇಲೆ ನೀಲಕಂಠನ ಕಡೆ ತಿರುಗಿ, ನಗೆಯೋ ಅಲ್ಲವೋ ತಿಳಿಯದ ದನಿಯಲ್ಲಿ ಕೇಳಿದಳು: “ಏನಪಾ ಸಾಹೇಬ, ನಿನ್ನ ನೀರು ನೆಟ್ಟಗ ಐತಿಲ್ಲೋ?”

ಹುಡುಗಿಯ ಕಾಲು ಅವನ ಕೈಯಲ್ಲಿ ಬಿಸಿಯಾಗಿತ್ತು. ಒಂಬತ್ತು ಎಂಬ ಅಂಕಿ ಅವನ ಕಣ್ಣ ಮುಂದೆ ಬಂತು.

“ನಾಳೆ ನೋಡ್ತೀನಿ,” ಎಂದ.

ಮಾರನೆಯ ದಿನ ಆಸ್ಪತ್ರೆಯಲ್ಲಿ ಇಂಚರಾ ಸೇರಿ ಹನ್ನೊಂದು ಮಕ್ಕಳಿದ್ದರು. ಅಂಕಿ ಮತ್ತೆ ಹನ್ನೊಂದು ಗಂಟೆಗೆ ಏರಿ ಇಳಿಯಿತು. ತಳದಿಂದ ಗಾಳಿಯನ್ನು ಜೋರಾಗಿ ಬಿಡುವ ಹೊತ್ತು ಅದು. ನೀಲಕಂಠ ಆರನೆಯ ತೊಟ್ಟಿಯ ನೀರು ಊರಿಗೆ ಹೋಗದಂತೆ ಬಂದ್ ಮಾಡಿಸಿ, ಒಂದೊಂದೇ ಚೌಕಟ್ಟಿನೊಳಗೆ ಗಾಳಿ ತುಂಬಿ ನೋಡಿದ. ಗಟ್ಟಿ ಇದ್ದರೆ ಒತ್ತಡ ನಿಲ್ಲಬೇಕು. ನಾಲ್ಕನೆಯ ಚೌಕಟ್ಟಿನಲ್ಲಿ ನಿಲ್ಲಲಿಲ್ಲ. ಮುಳ್ಳು ಮೆಲ್ಲಗೆ ಇಳಿಯಿತು. ಅದನ್ನು ಎತ್ತಿಸಿದ.

ಕ್ರೇನು ಚೌಕಟ್ಟನ್ನು ಮೇಲೆತ್ತಿ ಕಟ್ಟೆಯ ಮೇಲೆ ನಿಲ್ಲಿಸುವಾಗ ಹೆಂಗಸರು ಸೆರಗು ಸಿಕ್ಕಿಸಿಕೊಂಡು ಸಾಲಾಗಿ ನಿಂತರು.

“ನೋಡ್ರೆವ್ವಾ, ಗಾಜಿನ ಮನಿ ಸಾಹೇಬ್ರು ಬಿಸಲಿಗೆ ಬಂದಾರ!” ಎಂದಳು ಕಸ್ತೂರೆವ್ವ. ಗುಂಪಿನಲ್ಲಿ ಅವಳದೇ ಬಾಯಿ ದೊಡ್ಡದು. “ಯಾರರ ಛತ್ರಿ ಹಿಡೀರಿ, ಕರಗಿ ಹೋದಾರು.”

“ಕರಗಿದ್ರ ತೊಟ್ಟಿಗೇ ಬೀಳ್ತಾರ ಬಿಡು,” ಇನ್ನೊಬ್ಬಳು ಅಂದಳು. “ಒಂಬತ್ತ ದಿನಕ್ಕ ನಳದಾಗ ಬರ್ತಾರ.”

ಎಲ್ಲರೂ ನಕ್ಕರು. ನೀಲಕಂಠನೂ ನಗಬೇಕೆಂದುಕೊಂಡ. ಎಳೆಗಳ ಪರದೆಯನ್ನು ಕೈಯಿಂದ ಬಿಡಿಸುತ್ತಿದ್ದಾಗ ಮಧ್ಯದಲ್ಲೊಂದು ಕಡೆ ಕೆಂಪು ಚುಕ್ಕೆ ಕಂಡಿತು. ರಕ್ತವೆಂದುಕೊಂಡು ಹತ್ತಿರ ಹೋದ. ರೇಷ್ಮೆ. ಹರಿದ ಎಳೆಯ ಒಂದು ತುದಿಯನ್ನು ಓರೆಯಾಗಿ ಕತ್ತರಿಸಿ, ಇನ್ನೊಂದು ತುದಿಯ ಬಾಯೊಳಗೆ ತೂರಿಸಿ, ಮೇಲೆ ಕೆಂಪು ರೇಷ್ಮೆಯಿಂದ ಸುತ್ತಿ ಕೊಂಡಿಗಂಟು ಹಾಕಿದ್ದರು. ಅದರ ಕೆಳಗೆ ಇನ್ನೊಂದು. ಪಕ್ಕದಲ್ಲಿ ಎರಡು. ಆ ಚೌಕಟ್ಟಿನಲ್ಲಿ ಅಂಥವು ನಲವತ್ತಮೂರು ಇದ್ದವು.

ಆ ಗಂಟನ್ನು ಅವನು ಚಿಕ್ಕಂದಿನಿಂದ ನೋಡಿದ್ದ. ಸೀರೆಯ ಮೈ ಮುಗಿದು ಸೆರಗು ಶುರುವಾಗುವಲ್ಲಿ ಒಂದು ಹಾಸಿನ ನೂಲನ್ನು ಇನ್ನೊಂದು ಹಾಸಿನ ನೂಲಿಗೆ ಕೊಂಡಿ ಹಾಕಿ ಸೇರಿಸಬೇಕು. ಒಂದು ಸೀರೆಗೆ ಸಾವಿರಾರು ಕೊಂಡಿ. ಒಂದೂ ಕಾಣಬಾರದು, ಒಂದೂ ಬಿಚ್ಚಬಾರದು. ಆ ಊರಿನಲ್ಲಿ ಅದನ್ನು ಎಡಗೈಯಿಂದ, ತಿರುವುಮುರುವಾಗಿ ಹಾಕುತ್ತಿದ್ದವರು ಒಬ್ಬರೇ.

“ಇದೇನಿದು?” ಎಂದು ಕಸ್ತೂರೆವ್ವನನ್ನು ಕೇಳಿದ. ಅವಳು ನಗುವುದನ್ನು ನಿಲ್ಲಿಸಿ ತೊಟ್ಟಿಯ ಕಡೆ ನೋಡಿದಳು.

“ಆಕೀನ್ ಯಾಕ ಕೇಳ್ತಿ?” ಎಂದಳು ಸಕ್ರವ್ವ. “ಹಾಕಿದಾಕಿ ನಾನು.”

“ಯಾವಾಗಿಂದ?”

“ಎರಡು ವರ್ಷ ಆತು. ಎಲ್ಲಾ ತೊಟ್ಟ್ಯಾಗೂ ಅದಾವ.”

“ಮುಚ್ಚಬೇಕಂತ ಹೇಳಿಲ್ಲೇನು ಚಿಗವ್ವ? ಪುಸ್ತಕದಾಗ ಬರದಾರ, ಗ್ವಾಡಿ ಮ್ಯಾಲೆ ಬರದಾರ.”

“ಬರದಾರ. ಮೊದಲ ಮೊದಲ ಮುಚ್ಚೀವಿ. ದಿನಾ ನಾಕ ಎಳಿ, ಐದ ಎಳಿ. ಹಂಗ ಮುಚ್ಚಕೋತ ಹ್ವಾದ್ರ ಮುಂದ ಏನ ಉಳೀತೈತಿ? ಹಾಸಿನ್ಯಾಗ ಒಂದ ಎಳಿ ಹರದ್ರ ಅದನ್ನ ಕೊಂದು ಮುಂದ ನೇಯ್ತಾರೇನು ಯಾರರ? ನಮ್ಮತ್ತಿ ನೋಡಿದ್ರ ಕೈ ಮುರೀತಿದ್ಲು.” ಅವಳು ಒಂದು ಎಳೆಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಉಜ್ಜಿದಳು. “ಇದು ನೂಲಲ್ಲ ನೀಲ್ಯಾ. ಜೀವ ಐತಿ ಇದಕ. ಜೋಡಿಸಿ ಎಂಟ ದಿನ ಸುಮ್ಕ ಬಿಟ್ರ ತಾನ ಕೂಡತೈತಿ. ಬೆರಳಿಗೆ ಗೊತ್ತಾಗತೈತಿ.”

ಅದಕ್ಕೇ ಅವಳು ರಿಪೇರಿಯಾದ ಚೌಕಟ್ಟನ್ನು ಎಂಟು ದಿನ ಬೇರೆ ತೊಟ್ಟಿಯಲ್ಲಿ ನೆನೆಸಿಡುತ್ತಿದ್ದಳು. ಹಾಸಿನ ನೂಲಿಗೆ ಗಂಜಿ ಹಿಡಿಯುವ ಹಾಗೆ ಇದೂ ನೆನೆಯಬೇಕೆಂದು ಅವಳು ಅಂದಾಗ ಸ್ಥಾವರದಲ್ಲಿ ಯಾರೂ ಯಾಕೆಂದು ಕೇಳಿರಲಿಲ್ಲ. ನೀಲಕಂಠನೂ ಕೇಳಿರಲಿಲ್ಲ. ನೆರೆಯೂರುಗಳ ಸ್ಥಾವರಗಳಲ್ಲಿ ನೀರು ವರ್ಷವರ್ಷ ಇಳಿಯುತ್ತಿದ್ದಾಗ ಹಾಸಲಗೇರಿಯದು ಇಳಿಯದೆ ನಿಂತದ್ದನ್ನು ಎಲ್ಲರೂ ಎಳೆಯ ತಳಿ ಚೆನ್ನಾಗಿದೆಯೆಂದುಕೊಂಡಿದ್ದರು.

“ಇನ್ನೊಂದ ಮಾತ ಕೇಳು,” ಎಂದಳು ಸಕ್ರವ್ವ. “ನೀ ಮಾಘದಾಗಿಂದ ಬಿಡೂ ಗಾಳಿ ಭಾಳ ಆಗೇತಿ. ಎಳಿ ಬುಡದಾಗ ಕುಣದು ಕುಣದು ಸೋಲಾಕತ್ತಾವ. ಪಟ್ಟಿ ಒಳಗ ನಮ್ಮ ಬೆರಳು ಹೋಗಂಗಿಲ್ಲ. ಅಲ್ಲಿ ನೋಡು ಮೊದ್ಲ.”

ಬೇಸಿಗೆಗೆ ಮುಂಚೆ ನೀರಿನ ಇಳುವರಿ ಹೆಚ್ಚಲೆಂದು ಅವನೇ ಗಾಳಿಯನ್ನು ಮೂರರಲ್ಲೊಂದು ಪಾಲು ಏರಿಸಿದ್ದು ನಿಜ. ಆ ಆದೇಶದ ಕೆಳಗೆ ಅವನದೇ ಸಹಿ ಇತ್ತು. ಆದರೆ ಆ ಹೊತ್ತಿಗೆ ಅವಳ ಮಾತು ಅವನ ಕಿವಿಗೆ ತಪ್ಪಿಸಿಕೊಳ್ಳುವವರ ಮಾತಿನ ಹಾಗೆ ಕೇಳಿಸಿತು. ಒತ್ತಡ ನಿಲ್ಲಲಿಲ್ಲ, ಇದು ಒಂದು. ನಿಯಮ ಮೀರಿದ ನಲವತ್ತಮೂರು ಗಂಟು ಸಿಕ್ಕವು, ಇದು ಇನ್ನೊಂದು. ಎರಡರ ನಡುವೆ ಗೆರೆ ಎಳೆಯುವುದಕ್ಕೆ ಅವನಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಗಂಟುಗಳನ್ನು ಒಂದೊಂದಾಗಿ ನೀರಲ್ಲಿ ಮುಳುಗಿಸಿ ಗುಳ್ಳೆ ಬರುತ್ತದೆಯೇ ಎಂದು ನೋಡಬಹುದಿತ್ತು. ನಲವತ್ತಮೂರಕ್ಕೆ ಅರ್ಧ ದಿನ ಸಾಕಾಗುತ್ತಿತ್ತು. ಅಷ್ಟರಲ್ಲಿ ಮುಖ್ಯ ಎಂಜಿನಿಯರು ಮ್ಯಾಗೇರಿ ಕಟ್ಟೆ ಹತ್ತಿ ಬಂದರು.

ಮ್ಯಾಗೇರಿ ಕೆಟ್ಟ ಮನುಷ್ಯರಲ್ಲ. ಹಿಂದಿನ ರಾತ್ರಿಯಿಂದ ಆಸ್ಪತ್ರೆಗೂ ಸ್ಥಾವರಕ್ಕೂ ಓಡಾಡಿ ಅವರ ಕಣ್ಣುಗಳು ಕೆಂಪಾಗಿದ್ದವು. ಅವರು ಬಗ್ಗಿ ಕೆಂಪು ರೇಷ್ಮೆಯನ್ನು ಉಗುರಿನಿಂದ ಮುಟ್ಟಿ ನೋಡಿದರು.

“ಅಲ್ರೀ, ಇದೇನ್ ಸೀರಿ ಅಂತ ತಿಳಕೊಂಡಾರೇನು?” ಎಂದರು. “ಊರ ಹೊಟ್ಟಿ ಐತ್ರೀ ಇದು.”

ಮೂರನೆಯ ದಿನ ಸ್ಥಾವರದ ಗೇಟಿನ ಮುಂದೆ ನೀರಿನ ಸಮಿತಿ ಕೂತಿತು. ಊರಿನ ಪದ್ಧತಿ ಅದು. ನೀರಿನ ವಿಷಯ ಏನಿದ್ದರೂ ಗೇಟಿನ ಮುಂದೆ, ಜನರೆದುರೇ ತೀರ್ಮಾನವಾಗಬೇಕು. ಬೇವಿನ ಮರದ ಕೆಳಗೆ ಮುನ್ನೂರು ಜನ ಸೇರಿದ್ದರು. ಮ್ಯಾಗೇರಿ ಚೌಕಟ್ಟಿನ ಫೋಟೋಗಳನ್ನು ತೋರಿಸಿದರು. ಯಾರೋ ಹಿಂದಿನಿಂದ, “ನಮ್ಮ ಹುಡುಗ್ರ ಮ್ಯಾಲೆ ಕಸೂತಿ ಹಾಕಾಕ ಬಂದೀರೇನ್ರೆ?” ಎಂದು ಕೂಗಿದರು. ಕಸ್ತೂರೆವ್ವ ಎದ್ದು ನಿಂತು, “ನಿನ್ನ ಮನಿಗೆ ಐದ ಕೊಡ ನೀರು ಎಲ್ಲಿಂದ ಬರತಿತ್ತೋ ಭಾಡ್ಯಾ?” ಎಂದಳು. ಸಕ್ರವ್ವ ಅವಳ ಸೆರಗು ಹಿಡಿದು ಕೂರಿಸಿದಳು.

ಆಮೇಲೆ ಅವಳು ತಾನೇ ಎದ್ದಳು. ಸಮಿತಿಯವರ ಕಡೆ ನೋಡಲಿಲ್ಲ. ಮ್ಯಾಗೇರಿಯವರ ಪಕ್ಕ ಕಾಗದ ಹಿಡಿದು ನಿಂತಿದ್ದ ನೀಲಕಂಠನನ್ನು ನೋಡಿದಳು.

“ನೀ ಓದಿದಾಂವ. ನೀ ಹೇಳು. ನಮ್ಮ ಹುಡುಗಿಗೆ ಆದದ್ದು ನನ್ನ ಗಂಟಿಂದನ ಏನು?”

ಇಂಚರಾ ಆಗಿನ್ನೂ ಆಸ್ಪತ್ರೆಯಲ್ಲಿದ್ದಳು. ಅವಳ ಮೂತ್ರಪಿಂಡ ತಡೆದುಕೊಂಡರೆ ಸಾಕೆಂದು ಡಾಕ್ಟರು ಬೆಳಿಗ್ಗೆ ಹೇಳಿದ್ದರು. ಇಲ್ಲ ಎನ್ನುವುದಕ್ಕೆ ನೀಲಕಂಠನ ಬಳಿ ಆಧಾರವಿರಲಿಲ್ಲ. ಹೌದು ಎನ್ನುವುದಕ್ಕೂ ಪೂರ್ತಿ ಇರಲಿಲ್ಲ. ಗೊತ್ತಿಲ್ಲ ಎನ್ನಬಹುದಿತ್ತು. ಮುನ್ನೂರು ಜನರೆದುರು ಗಾಜಿನ ಕೋಣೆಯವನು ಗೊತ್ತಿಲ್ಲ ಎನ್ನುವುದು ಹೇಗೆ?

“ಪರೀಕ್ಷೆ ಹಂಗ ತೋರಸ್ತೈತಿ ಚಿಗವ್ವ,” ಎಂದ.

ಅವಳು ತಲೆಯಾಡಿಸಿದಳು. ಕೈಗವಸುಗಳನ್ನು ಸೊಂಟದಿಂದ ತೆಗೆದು ಮೇಜಿನ ಮೇಲೆ ಜೋಡಿಸಿಟ್ಟು ಗೇಟು ದಾಟಿ ಹೋದಳು. ಉಳಿದ ಐವರೂ ಅವಳ ಹಿಂದೆ ಹೋದರು.

ವಾರದೊಳಗೆ ಎಂಟೂ ತೊಟ್ಟಿಗಳ ಗಂಟುಗಳನ್ನು ಕತ್ತರಿಸಿ ಬಾಯಿ ಮುಚ್ಚಿದರು. ಎರಡು ಸಾವಿರದ ಮೇಲೆ ಇದ್ದವು. ಆರನೆಯ ತೊಟ್ಟಿಯ ನಾಲ್ಕನೆಯ ಚೌಕಟ್ಟನ್ನು ಮಾತ್ರ ಹಾಗೇ ಕಳಚಿ ಶೆಡ್ಡಿನಲ್ಲಿ ಹಾಕಿದರು. ಹೆಂಗಸರ ಜಾಗಕ್ಕೆ ಒಂದು ಯಂತ್ರದ ಕೈ ಬಂತು. ಅದು ಹರಿದ ಎಳೆಯ ಜೊತೆ ಅಕ್ಕಪಕ್ಕದ ಹತ್ತನ್ನು ಸೇರಿಸಿ ಮುಚ್ಚುತ್ತಿತ್ತು. ಎಳೆ ಕಡಿಮೆಯಾದ ಮೇಲೆ ಅಷ್ಟು ಗಾಳಿ ಯಾಕೆಂದು ಮ್ಯಾಗೇರಿ ಗಾಳಿಯನ್ನೂ ಇಳಿಸಿದರು. ಅಂಕಿ ಎರಡಕ್ಕೆ ಬಂದು ನಿಂತಿತು. ಹೊಸದಾಗಿ ಯಾವ ಮಗುವಿಗೂ ಕಾಯಿಲೆ ಬರಲಿಲ್ಲ. ಹನ್ನೊಂದು ಮಕ್ಕಳೂ ಉಳಿದರು. ಗಂಟು ಹೋಯಿತು, ಬೇನೆ ಹೋಯಿತು. ಊರಿಗೆ ಇದಕ್ಕಿಂತ ಹೆಚ್ಚಿನ ಪುರಾವೆ ಬೇಕಿರಲಿಲ್ಲ.

ಮನೆಗೆ ದಿನಕ್ಕೆ ಐದು ಕೊಡ ಬರುತ್ತಿದ್ದ ನೀರು ನಾಲ್ಕಾಯಿತು. ಜನ ಗೊಣಗಿ, ಆಮೇಲೆ ಹೊಂದಿಕೊಂಡರು. ಪಾತ್ರೆಗಳನ್ನು ಬೂದಿಯಿಂದ ಉಜ್ಜಿ ಬಟ್ಟೆಯಿಂದ ಒರೆಸಿದರು. ತಲೆಸ್ನಾನ ಹದಿನೈದು ದಿನಕ್ಕೆ ಹೋಯಿತು. ಬಣ್ಣದ ಮನೆಗಳಲ್ಲಿ ಕಡೆಯ ಎರಡೂ ಮುಚ್ಚಿದವು.

ಇಂಚರಾ ಮನೆಗೆ ಬಂದಳು. ತೆಳ್ಳಗಾಗಿದ್ದಳು, ಆದರೆ ಮೊದಲಿನಷ್ಟೇ ತಂಟೆ ಮಾಡುತ್ತಿದ್ದಳು. ಬದಲಾದದ್ದು ಸಕ್ರವ್ವ. ಅದೂ ಒಂದೇ ವಿಷಯದಲ್ಲಿ, ಮನೆಯವರಿಗೆ ಬಿಟ್ಟು ಬೇರೆಯವರಿಗೆ ತಿಳಿಯದ ಹಾಗೆ. ಅವಳು ಯಾರಿಗೂ ನೀರು ಕೊಡುತ್ತಿರಲಿಲ್ಲ. ಆ ಕಡೆಯ ಮನೆಗಳಲ್ಲಿ ಹೊಸ್ತಿಲು ದಾಟಿ ಬಂದವರಿಗೆ ಕೂರುವ ಮೊದಲೇ ಒಂದು ತಂಬಿಗೆ ನೀರು, ಒಂದು ಚೂರು ಬೆಲ್ಲ ಕೊಡುತ್ತಾರೆ. ಈಗ ಯಾರಾದರೂ ಬಂದರೆ ಸಕ್ರವ್ವ ಬೆಲ್ಲ ಕೊಟ್ಟು, “ಸುವರ್ಣಾ, ನೀರು ತಾರವಾ” ಎಂದು ಕೂಗುತ್ತಿದ್ದಳು. ಸುವರ್ಣಾ ಮನೆಯಲ್ಲಿ ಇಲ್ಲದಾಗ ಬಂದವರು ಬೆಲ್ಲ ತಿಂದು ಬಾಯೊಣಗಿಸಿಕೊಂಡು ಕೂತಿರುತ್ತಿದ್ದರು. ಅಡುಗೆ ಮಾಡುತ್ತಿದ್ದಳು, ರೊಟ್ಟಿ ಬಡಿಯುತ್ತಿದ್ದಳು, ಹಿಟ್ಟಿಗೆ ನೀರು ಸುರಿಯುವುದಕ್ಕೆ ಮಾತ್ರ ಸೊಸೆಯನ್ನು ಕರೆಯುತ್ತಿದ್ದಳು.

“ಅತ್ತಿ, ಇದೇನ್ ಹುಚ್ಚು?” ಎಂದು ಸುವರ್ಣಾ ಒಮ್ಮೆ ಸಿಟ್ಟಿನಿಂದ ಕೇಳಿದಳು. “ಮಾಡಿದ್ದೇನು, ಬೇಕಂತ ಮಾಡೀರೇನು?”

“ಕೈಗೆ ನಂಬಿಗಿ ಇಲ್ಲವಾ,” ಎಂದಳು ಸಕ್ರವ್ವ, ಬೇಳೆ ಆರಿಸುತ್ತ. “ಬೆರಳು ಹೇಳಿತ್ತು ಕೂಡೇತಿ ಅಂತ. ಸುಳ್ಳ ಹೇಳ್ತು.”

ನೀಲಕಂಠ ಹಿಂದಿನ ಕೋಣೆಯಲ್ಲಿ ಪುಸ್ತಕ ತೆರೆದು ಕೂತಿದ್ದ. ಅದೇ ಪುಟದಲ್ಲಿ ಬಹಳ ಹೊತ್ತು ಇದ್ದ.

ಶ್ರಾವಣದಲ್ಲಿ ಶೆಡ್ಡನ್ನು ಖಾಲಿ ಮಾಡಿ ಹಳೆಯ ಸಾಮಾನು ಸುಡಲು ಹೇಳಿದರು. ಕಡತಕ್ಕೆ ಸೇರಿಸಲು ಗಂಟಿನ ಒಂದು ಮಾದರಿ ಬೇಕಿತ್ತು. ಮಧ್ಯಾಹ್ನದ ಊಟದ ಹೊತ್ತಿನಲ್ಲಿ ನೀಲಕಂಠ ಕತ್ತರಿ ತೆಗೆದುಕೊಂಡು ಹೋಗಿ, ನಾಲ್ಕನೆಯ ಚೌಕಟ್ಟಿನಿಂದ ಗಂಟಿದ್ದ ಎಳೆಯೊಂದನ್ನು ಗೇಣುದ್ದ ಕತ್ತರಿಸಿ ತಂದ. ಪ್ರಯೋಗಶಾಲೆಯಲ್ಲಿ ಯಾರೂ ಇರಲಿಲ್ಲ. ಫೋಟೋ ತೆಗೆಯಲೆಂದು ಅದನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟ.

ರೇಷ್ಮೆ ಕಂಡಿತು. ರೇಷ್ಮೆಯ ಕೆಳಗೆ ಎರಡು ತುದಿಗಳು ಕಾಣಬೇಕಿತ್ತು. ಕಾಣಲಿಲ್ಲ. ಅವನು ಬೆಳಕನ್ನು ಹೆಚ್ಚಿಸಿದ. ಒಂದು ತುದಿಯ ಗೋಡೆ ಬೆಳೆದು ಇನ್ನೊಂದರ ಗೋಡೆಯೊಳಗೆ ಹೋಗಿತ್ತು. ನಡುವೆ ಅಂಚೇ ಇರಲಿಲ್ಲ. ರೇಷ್ಮೆಯ ಮೂರು ಸುತ್ತುಗಳಲ್ಲಿ ಎರಡನ್ನು ಎಳೆ ತನ್ನ ಮೈಯೊಳಗೆ ನುಂಗಿಕೊಂಡಿತ್ತು.

ಅವನು ಅದರ ಒಂದು ಬಾಯಿ ಮುಚ್ಚಿ, ಇನ್ನೊಂದಕ್ಕೆ ಗಾಳಿಯ ನಳಿಕೆ ಸಿಕ್ಕಿಸಿ, ಬೀಕರಿನ ನೀರಿನಲ್ಲಿ ಮುಳುಗಿಸಿದ. ಒತ್ತಡವನ್ನು ಮೆಲ್ಲಗೆ ಏರಿಸಿದ. ಗುಳ್ಳೆ ಬರಲಿಲ್ಲ. ಪರೀಕ್ಷೆಯ ಮಿತಿಯ ಎರಡರಷ್ಟಕ್ಕೆ ಏರಿಸಿದ. ಕಡೆಗೆ ಎಳೆ ಒಡೆಯಿತು. ಗಂಟಿನಲ್ಲಲ್ಲ, ಗಂಟಿನಿಂದ ನಾಲ್ಕು ಬೆರಳು ಆಚೆ, ಎಂದೂ ಹರಿಯದೆ ಇದ್ದ ಜಾಗದಲ್ಲಿ.

ಅವನು ಮತ್ತೆ ಶೆಡ್ಡಿಗೆ ಹೋದ. ಉಳಿದ ನಲವತ್ತೆರಡನ್ನೂ ಕತ್ತರಿಸಿ ತಂದ. ಆ ದಿನ, ಮಾರನೆಯ ದಿನ, ಊಟ ಬಿಟ್ಟು ಒಂದೊಂದನ್ನೇ ಬೀಕರಿನಲ್ಲಿ ಮುಳುಗಿಸಿದ. ಒಂದೂ ಸೋರಲಿಲ್ಲ. ಜೋಡಿಸಬಾರದೆಂದು ಬರೆದಿದ್ದ ಕಂಪನಿಯ ಪುಸ್ತಕವನ್ನು ಬಿಚ್ಚಿ ಮೊದಲ ಸಲ ಅದರ ಹಿಂದಿನ ಪುಟಗಳನ್ನು ಓದಿದ. ಆ ನಿಯಮ ಪ್ಲಾಸ್ಟಿಕ್ ಎಳೆಗಳ ಕಾಲದ ಪುಸ್ತಕದಿಂದ ಹಾಗೇ ಇಳಿಸಿಕೊಂಡದ್ದು. ಜೀವದ ಎಳೆಯನ್ನು ಯಾರೂ ಜೋಡಿಸಿ ನೋಡಿರಲೇ ಇಲ್ಲ.

ಮೂರನೆಯ ದಿನ ಅಂಟಿನ ಪಟ್ಟಿಯನ್ನು ಗರಗಸದಿಂದ ಕೊಯ್ದ. ಪಟ್ಟಿಯ ಒಳಗೆ, ಬೆರಳು ಹೋಗದ ಕಡೆ, ಎಳೆಗಳು ಬುಡದಲ್ಲಿ ಬಾಗಿ ಬಾಗಿ ಸವೆದು ಬಾಯಿಬಿಟ್ಟಿದ್ದವು. ಇಪ್ಪತ್ತೊಂಬತ್ತು. ಗಾಳಿ ಜೋರಾದಾಗ ತೆರೆದುಕೊಳ್ಳುವಂಥವು, ನಿಂತಾಗ ತಾವಾಗಿ ಒತ್ತಿಕೊಳ್ಳುವಂಥವು. ಬೆಳಿಗ್ಗೆ ಹನ್ನೊಂದಕ್ಕೆ ಅಂಕಿ ಏರಿ ಇಳಿದದ್ದು ಅದಕ್ಕೆ. ಅವನ ಕಣ್ಣಿಗೆ ಬೀಳುವ ಮುಂಚಿನ ದಿನಗಳಲ್ಲೂ ಅದು ಹಾಗೇ ಏರಿ ಇಳಿದಿರಬೇಕು.

ಅವನು ಎಲ್ಲವನ್ನೂ ಒಂದು ತಟ್ಟೆಯಲ್ಲಿ ಜೋಡಿಸಿಕೊಂಡು ಮ್ಯಾಗೇರಿಯವರ ಕೋಣೆಯ ತನಕ ಹೋದ. ತಟ್ಟೆಯನ್ನು ಹೊರಗಿನ ಬೆಂಚಿನ ಮೇಲಿಟ್ಟು ಒಳಗೆ ಹೋದ.

“ಬರ್ರಿ ನೀಲಕಂಠ, ಕುಂದರ್ರಿ,” ಎಂದರು ಮ್ಯಾಗೇರಿ. ಅವರ ಮುಖದಲ್ಲಿ ಬಹಳ ದಿನದ ಮೇಲೆ ನಿದ್ದೆ ಮಾಡಿದ ಕಳೆ ಇತ್ತು. “ಎಲ್ಲಾ ಒಂದ ಹದಕ್ಕ ಬಂತು ನೋಡ್ರಿ. ಸಮಿತಿಯವರು ನಿಮ್ಮ ಹೆಸರು ಹೇಳಾಕತ್ತಿದ್ರು. ಸ್ವಂತ ಚಿಗವ್ವ ಅಂತ ನೋಡಲಿಲ್ಲ, ಖರೇ ಹೇಳಿದ, ಅಂತ. ಏನರ ವಿಷಯ ಇತ್ತೇನು?”

“ಗಾಳಿ ವಿಷಯ ಸರ್. ಇನ್ನ ಮುಂದ ಎಂದೂ ಏರಸಬಾರದು ಅಂತ ಒಂದು ನಿಯಮ ಮಾಡಿದ್ರ ಚಲೋ.”

“ಮಾಡೂಣಂತ. ಕಾರಣ ಏನ್ ಬರೀಲಿ?”

“ಎಳಿ ಬಾಳಿಕಿ ಹೆಚ್ಚಾಗತೈತಿ ಅಂತ ಬರೀರಿ.”

“ಅಷ್ಟ?”

“ಅಷ್ಟ.”

ಹೊರಗೆ ಬಂದು ತಟ್ಟೆ ತೆಗೆದುಕೊಂಡ. ಸುಡುವ ಸಾಮಾನಿನ ರಾಶಿ ಇನ್ನೂ ಹೊಗೆಯಾಡುತ್ತಿತ್ತು. ತಟ್ಟೆಯಲ್ಲಿದ್ದುದನ್ನು ಅದರ ಮೇಲೆ ಸುರಿದ. ಮನೆಗೆ ಹೋಗಿ ಚಿಗವ್ವನಿಗೆ ಹೇಳಿದರೆ ಸಾಕು, ಊರಿಗೆ ಹೇಳಬೇಕಾದ್ದಿಲ್ಲ, ಎಂದು ದಾರಿಯುದ್ದಕ್ಕೂ ಅಂದುಕೊಂಡ. ವಾಕ್ಯವನ್ನೂ ಸಿದ್ಧ ಮಾಡಿಕೊಂಡ.

ಸಕ್ರವ್ವ ಕಟ್ಟೆಯ ಮೇಲೆ ಕೂತು ಹಳೆಯ ಸೀರೆಗಳನ್ನು ಸೇರಿಸಿ ಕೌದಿ ಹೊಲಿಯುತ್ತಿದ್ದಳು. ಇಂಚರಾ ಓಣಿಯಿಂದ ಓಡಿಬಂದು, “ಅಜ್ಜಿ, ನೀರು” ಎಂದಳು. ನೀರಿನ ಕೊಡ ಸಕ್ರವ್ವನ ಮೊಳಕೈಗೆ ತಾಗುವಷ್ಟು ಹತ್ತಿರವಿತ್ತು.

“ಸುವರ್ಣಾ,” ಎಂದು ಅವಳು ಕೂಗಿದಳು. “ನೀರು ಕೇಳಾಕತ್ತಾಳ ನೋಡು.”

ಸುವರ್ಣಾ ಹಿತ್ತಲಲ್ಲಿದ್ದಳು. ಹುಡುಗಿ ತುಟಿ ನೆಕ್ಕುತ್ತ ಕಾದಳು. ಅದು ಅವಳಿಗೆ ರೂಢಿಯಾಗಿತ್ತು. ನೀಲಕಂಠ ಬಗ್ಗಿ ತಂಬಿಗೆಯಲ್ಲಿ ನೀರು ಮೊಗೆದು ಕೊಟ್ಟ. ಅವಳು ಗಟಗಟನೆ ಕುಡಿದು ಓಡಿಹೋದಳು.

“ನಿನ್ನ ತೊಟ್ಟಿ ಎಲ್ಲಾ ನೆಟ್ಟಗ ಅದಾವೇನು ಈಗ?” ಎಂದು ಸಕ್ರವ್ವ ಕೇಳಿದಳು, ಸೂಜಿಯಿಂದ ಕಣ್ಣೆತ್ತದೆ.

“ಅದಾವ.”

“ಸಾಕು ಬಿಡು,” ಎಂದಳು.

ಸಿದ್ಧ ಮಾಡಿಕೊಂಡ ವಾಕ್ಯ ಅವನ ಬಾಯಲ್ಲೇ ಇತ್ತು. ಅದರ ಜೊತೆ ಇನ್ನೊಂದನ್ನೂ ಹೇಳಬೇಕಾಗುತ್ತದೆ ಎಂದು ಆಗ ಹೊಳೆಯಿತು: ಗಾಳಿ ಏರಿಸಿದವನು ಯಾರು, ಅವಳು ಎಚ್ಚರಿಸಿದಾಗ ಕೇಳದೆ ಹೋದವನು ಯಾರು, ಬೇವಿನ ಮರದ ಕೆಳಗೆ ಉತ್ತರ ಕೊಟ್ಟವನು ಯಾರು. ನಾಳೆ, ಎಂದುಕೊಂಡ. ಮಾರನೆಯ ದಿನ ಅವಳಿಗೆ ನೆಗಡಿ ಜ್ವರ. ಅದರ ಮಾರನೆಯ ದಿನ ಲಾರಿ ಓಡಿಸುವ ಅವಳ ಮಗ, ಸುವರ್ಣಾಳ ಗಂಡ, ಮನೆಗೆ ಬಂದಿದ್ದ. ದಸರೆ ಬಂತು. ಮತ್ತೊಂದು ಬೇಸಿಗೆಗೆ ನೀರು ಮೂರೂವರೆ ಕೊಡಕ್ಕೆ ಇಳಿಯಿತು. ಅವನಿಗೆ ಬಡ್ತಿ ಸಿಕ್ಕಿತು. ಸಕ್ರವ್ವ ತಾನೇ ಹೋಳಿಗೆ ಮಾಡಿದಳು, ಕಣಕಕ್ಕೆ ನೀರು ಸುವರ್ಣಾ ಹಾಕಿದಳು.

ಹಾಗೆ ಆರು ವರ್ಷ ಇಬ್ಬರೂ ಒಂದೇ ಮನೆಯಲ್ಲಿ ಉಂಡರು, ಮಾತಾಡಿದರು, ಮಳೆಯ ವಿಷಯ, ಮಕ್ಕಳ ವಿಷಯ, ನೆರೆಮನೆಯವರ ವಿಷಯ. ಏಳನೆಯ ವರ್ಷ ಪುಷ್ಯದಲ್ಲಿ ಸಕ್ರವ್ವ ತೀರಿಕೊಂಡಳು. ಕಡೆಗೆ ಅವಳ ಬಾಯಿಗೆ ನೀರು ಬಿಟ್ಟವನು ಅವನೇ.

ಅವಳು ಜೋಡಿಸಿದ ಎಳೆಗಳು ಕೂಡಿದ್ದವು, ಅವುಗಳಲ್ಲಿ ಒಂದೂ ಸೋರಿರಲಿಲ್ಲ ಎಂದು ಅವನು ಅವಳಿಗೆ ಹೇಳಲೇ ಇಲ್ಲ.